ಕಿವಿಗೆ ಕಾಯಿ ಹಿಡಿದವಳು

ಪಕ್ಕದ ಮನೆಯ ಅಜ್ಜಿಯ ಎಡಗೈ ಮಣಿಕಟ್ಟಿನ ಸುತ್ತ ತೆಳುವಾದ ಬಿಳಿ ಗೆರೆಯೊಂದು ಇತ್ತೆಂದು ನನ್ನ ನೆನಪು. ಆಣೆ ಮಾಡಿ ಹೇಳಲಾರೆ. ಕತೆ ಕೇಳಿದ ಮೇಲೆ ನಾನೇ ಎಳೆದುಕೊಂಡ ಗೆರೆಯೂ ಇರಬಹುದು. ಕತೆ ಮಾತ್ರ ಅವರೇ ಹೇಳಿದ್ದು. ಮಗುವಾಗಿದ್ದಾಗ ಅವರು ಎಲ್ಲಕ್ಕೂ ಎಡಗೈ ಮುಂದು ಮಾಡುತ್ತಿದ್ದರಂತೆ. ಬಲಗೈ ರೂಢಿಯಾಗಲಿ ಎಂದು ಅವರ ಅಜ್ಜಿ ಆ ಕೈಯನ್ನು ಹಳೇ ಸೀರೆಯ ಅಂಚಿನಿಂದ ನಡುಮನೆಯ ಕಂಬಕ್ಕೆ ಕಟ್ಟಿಹಾಕಿ, ಅವ್ವನ ಚಾಳಿ ನಿನಗೂ ಬಂತಾ ಎಂದು ಬೈಯುತ್ತಿದ್ದರಂತೆ. ಹೆತ್ತ ತಾಯಿ ಎಡಚಿ ಎನ್ನುವುದೊಂದೇ ಅವರಿಗೆ ತಾಯಿಯ ಬಗ್ಗೆ ಖಚಿತವಾಗಿ ಗೊತ್ತಿದ್ದದ್ದು. ಇವರಿಗೆ ನಡೆಯಲು ಬರುವ ಮುಂಚೆಯೇ ಆಕೆ ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಇರಲಿಲ್ಲ.

ಹೊನ್ನವಳ್ಳಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ತೊಂಬತ್ತು ದಾಟಿತ್ತು. ಸೊಂಟ ಮುರಿದ ಮೇಲೆ ಅವರ ಮಂಚ ಅಟ್ಟದ ಕೆಳಗೆ ಬಂತು. ಮೇಲೆ ಕೊಬ್ಬರಿಯಾಗಲೆಂದು ಕೂಡಿಟ್ಟ ಕಾಯಿರಾಶಿ, ಅದರ ಭಾರಕ್ಕೆ ಬಾಗಿದ ತೊಲೆ, ಕೆಳಗೆ ಅಲುಗಾಡಲಾಗದ ಅವರು. ಆದರೂ ಮಗ ಅಟ್ಟದಿಂದ ಕಾಯಿ ಇಳಿಸುವಾಗ ಒಂದನ್ನು ಮಂಚಕ್ಕೆ ತರಿಸಿ ಕಿವಿಯ ಪಕ್ಕ ಅಲ್ಲಾಡಿಸುವರು. ಒಣಗಿದ ಕೊಬ್ಬರಿ ಗಿಟುಕು ಒಳಗೆ ಚಿಪ್ಪು ಬಿಟ್ಟು ಸದ್ದು ಮಾಡಿದರೆ ಸರಿ. ಇಲ್ಲವಾದರೆ ಇನ್ನೂ ಅಂಟಿಕೊಂಡಿದೆ ಎಂದು ವಾಪಸು ಕಳಿಸುವರು. ಹೇಗಿದ್ದೀರಿ ಎಂದು ನಾನು ಕೇಳಿದಾಗಲೂ ಅದೇ ಉತ್ತರ: "ಇನ್ನೂ ಅಂಟ್ಕಂಡೈತೆ ಕಣಪ್ಪ."

ಅವರ ಇನ್ನೊಂದು ಕತೆಯ ಮೇಲೆ, ಇತಿಹಾಸ ಓದಿದ ನನಗೆ, ಅನುಮಾನವಿತ್ತು. ಅವರು ತೊಟ್ಟಿಲಲ್ಲಿದ್ದಾಗ ಟೋಪಿ ಹಾಕಿದ ಯಾರೋ ಊರಿಗೆ ಬಂದು, ಪೆಟ್ಟಿಗೆಯೊಂದರ ಹಿಡಿ ತಿರುಗಿಸಿ, ಕೊಬ್ಬರಿಯ ಚಿಪ್ಪು ಒಡೆಯುತ್ತಿದ್ದ ಹೆಂಗಸರ ಚಿತ್ರ ತೆಗೆದನಂತೆ. ಅವರಲ್ಲಿ ಅವ್ವನೂ ಇದ್ದಳಂತೆ. ಇಂಥ ಕತೆ ಎಲ್ಲ ಊರಲ್ಲೂ ಇರುತ್ತದೆ ಎಂದುಕೊಂಡಿದ್ದೆ. ಆಮೇಲೆ, ಮೂಕಿ ಚಿತ್ರಗಳನ್ನು ಕಾಪಿಡುವ ಸಂಸ್ಥೆಯೊಂದು ಇಂಟರ್ನೆಟ್ಟಿಗೆ ಹಾಕಿದ್ದ ಒಂದು ತುಣುಕು ಸಿಕ್ಕಿತು. ಮೈಸೂರು ಸೀಮೆಯ ತೆಂಗಿನ ಕೆಲಸ ಎಂಬುದಷ್ಟೇ ವಿವರ, ಊರಿಲ್ಲ, ಇಸವಿಯಿಲ್ಲ. ತೆಗೆದವನ ಕಣ್ಣೆಲ್ಲ ಕೊಬ್ಬರಿ ರಾಶಿಯ ಮೇಲೆ. ಚಿತ್ರದ ಅಂಚಿನಲ್ಲಿ, ಅವನಿಗೆ ಬೇಕಿಲ್ಲದಿದ್ದರೂ, ಒಬ್ಬ ಹೆಂಗಸು ಸಿಕ್ಕಿಬಿದ್ದಿದ್ದಳು. ಕಾಯಿ ಎತ್ತುತ್ತಾಳೆ, ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ, ಕೇಳಿಸಿಕೊಳ್ಳುತ್ತಾಳೆ. ನಮಗೆ ಕೇಳಿಸುವುದಿಲ್ಲ.

ಅಜ್ಜಿಗೆ ಫೋನಿನಲ್ಲಿ ತೋರಿಸಿದೆ. ತುಣುಕು ಮುಗಿದೊಡನೆ ತಾನಾಗಿಯೇ ಮತ್ತೆ ಮೊದಲಿನಿಂದ ಓಡುತ್ತಿತ್ತು. ಬಹಳ ಹೊತ್ತು ನೋಡಿದರು.

"ಇವ್ಳಲ್ಲ ಕಣಪ್ಪ. ಬಲಗೈಲಿ ಹಿಡ್ಕಂಡವ್ಳೆ."

ನಾನು ಫೋನು ತೆಗೆದುಕೊಳ್ಳಲು ಹೋದರೆ ಬಿಡಲಿಲ್ಲ.

"ಯಾರಾದ್ರೂ ಆಗ್ಲಿ, ಆ ಕಾಯಿ ಕೆಳಗಿಡಕ್ಕಾದ್ರೂ ಬುಡು ಅವ್ಳನ್ನ. ಎಷ್ಟು ಸಲ ಎತ್ತುಸ್ತೀಯ?"

ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಆ ಹೆಂಗಸಿನ ಹಿಂದೆ ನಿಂತ ಸಾಹುಕಾರನೊಬ್ಬನ ಕೋಟಿನಲ್ಲಿ, ಎಡಗಡೆ ಇರಬೇಕಾದ ಎದೆಜೇಬು ಬಲಗಡೆಗಿತ್ತು. ಹಾಗಾದರೆ ಇಡೀ ಚಿತ್ರವೇ ಕನ್ನಡಿಯಲ್ಲಿ ಕಂಡಂತೆ ತಿರುಗಿರಬಹುದು. ಆದರೆ ಒಂದು ಜೇಬಿನ ಸಾಕ್ಷಿ ಎಷ್ಟರದು? ದರ್ಜಿಯ ತಪ್ಪೂ ಇರಬಹುದು. ಸಂಸ್ಥೆಗೆ ಬರೆದು ಕೇಳಿದೆ, ಉತ್ತರ ಬರಲಿಲ್ಲ. ಅಷ್ಟರಲ್ಲಿ ಅಜ್ಜಿ ಊಟ ಬಿಡುತ್ತಾ ಬಂದರು. ಇನ್ನು ಕಾಯಲಾಗದೆ, ಹೋಗಿ ಜೇಬಿನ ವಿಷಯ ಹೇಳಿಬಿಟ್ಟೆ.

"ನನ್ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?" ಎಂದರು.

"ಗೊತ್ತಿಲ್ಲ ಅಜ್ಜಿ. ಚಿತ್ರ ತಿರುಗಿದ್ರೂ ಅವ್ರೇ ನಿಮ್ಮವ್ವ ಅನ್ನಕ್ಕಾಗಲ್ಲ."

"ಅಷ್ಟು ಓದಿ ಇಷ್ಟೇನಾ. ಕೊಡಿಲ್ಲಿ."

ಫೋನನ್ನು ಬಲಗೈಯಲ್ಲೇ ಹಿಡಿದರೆಂದು ಕಾಣುತ್ತದೆ. ಎಡಗೈ ಎಂಬ ನೆನಪೂ ಇದೆ, ಹಾಗೆಂದು ಬರೆಯುವ ಆಸೆಯೂ ಇದೆ. ಅದಕ್ಕೇ ಆ ನೆನಪನ್ನು ನಂಬುವುದಿಲ್ಲ. ಚಾರ್ಜು ಮುಗಿಯುವವರೆಗೂ ನೋಡಿದರು. ಅವ್ವ ನನಗಿಂತ ಎಷ್ಟು ಚಿಕ್ಕವಳು ನೋಡು, ಮೊಮ್ಮಗಳ ಹಾಗಿದ್ದಾಳೆ ಎಂದು ಸೊಸೆಯನ್ನು ಕರೆದು ತೋರಿಸಿದರು.

ಆ ಮಳೆಗಾಲದಲ್ಲೇ ಅಜ್ಜಿ ಹೋಗಿಬಿಟ್ಟರು. ಅವರ ಕೊನೆಯ ಸಂತೋಷ ನನ್ನದೊಂದು ಊಹೆಯ ಮೇಲೆ ನಿಂತಿತ್ತು. ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಆ ತುಣುಕಿನ ಹಾಗೆ ಅದೇ ಯೋಚನೆ ತಿರುತಿರುಗಿ ಬರುತ್ತಿತ್ತು.

ಕೊನೆಗೆ ಸಂಸ್ಥೆಯವರು ಮೂಲ ಸುರುಳಿಯನ್ನೇ ತೆಗೆದು ನೋಡಿ ಬರೆದರು. ಪ್ರತಿ ಮಾಡುವಾಗ ಚಿತ್ರ ಎಡಬಲ ಮಗುಚಿಹೋಗಿತ್ತಂತೆ. ಊರು ಯಾವುದು, ಹೆಂಗಸು ಯಾರು, ಅವರಿಗೂ ತಿಳಿಯದು. ಕಾಯಿ ಇದ್ದದ್ದು ಎಡಗೈಯಲ್ಲಿ.