ಅಕ್ಕನ ಮೂಗಿನ ಮುಲಾಮು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಸೆಕೆಂಡ್ ಮುಳ್ಳು. ಕೈಗಡಿಯಾರ ರಿಪೇರಿ ಮಾಡುವ ಮನುಷ್ಯ; ನಿಂತಲ್ಲಿ ನಿಲ್ಲುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ಬಿಚ್ಚಿದ ಗಡಿಯಾರದ ಮುಂದೆ ಮಾತ್ರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಲ್ಲಾಡದೆ ಕೂರುತ್ತಾರೆ. ಉಸಿರು ಬಿಡುವುದಿದ್ದರೂ ಮುಖ ತಿರುಗಿಸಿ ಬಿಡುತ್ತಾರೆ. ಅಂಥವರಿಗೆ ಎರಡು ಕಿಡ್ನಿಯೂ ಕೈಕೊಟ್ಟವು.

ಡಾಕ್ಟರು ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ ಕೂರಿಸಿದರು. ದಿನಕ್ಕೆ ನಾಲ್ಕು ಸಲ ಅದರ ಮೂಲಕ ಚೀಲದಲ್ಲಿ ಬರುವ ಔಷಧದ ನೀರನ್ನು ಒಳಗೆ ಬಿಡಬೇಕು, ಕೆಲವು ಗಂಟೆ ಕಳೆದ ಮೇಲೆ ಕಶ್ಮಲದ ಸಮೇತ ಹೊರಗೆ ಬಸಿಯಬೇಕು. ಡಯಾಲಿಸಿಸ್ ಮನೆಯಲ್ಲೇ; ಮಾಡುವವಳು ನನ್ನ ಅಕ್ಕ. ಕೊಳವೆ ಚರ್ಮದಿಂದ ಹೊರಬರುವ ಜಾಗಕ್ಕೆ ದಿನಾ ಚೂರು ಆಂಟಿಬಯಾಟಿಕ್ ಮುಲಾಮು ಹಚ್ಚುವವಳೂ ಅವಳೇ. ಅವಳ ಶುಚಿಯೆಂದರೆ ನಮಗೆಲ್ಲ ತಲೆನೋವು. ನಲ್ಲಿ ತಿರುಗಿಸುವ ಮೊದಲು ನಲ್ಲಿಯನ್ನೇ ತೊಳೆಯುವವಳು. ಡಯಾಲಿಸಿಸ್ ಕೋಣೆಗೆ ನಾನು ಕಾಲಿಟ್ಟರೆ ನನ್ನ ನೆರಳನ್ನೂ ಒರೆಸುತ್ತಾಳೆ. ಒಂದೇ ಒಂದು ದೋಷವೆಂದರೆ, ಕನ್ನಡಕಕ್ಕೆ ಆವಿ ಕಟ್ಟುತ್ತದೆಂದು ಚೀಲ ಬದಲಿಸುವಾಗ ಮಾಸ್ಕನ್ನು ಮೂಗಿನ ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು.

ಇಷ್ಟು ಶುಚಿಯಿದ್ದರೂ ಕೊಳವೆಯ ಜಾಗ ಎರಡು ಸಲ ಕೀವು ಕಟ್ಟಿತು.

"ಇನ್ನೊಂದು ಸಲ ಹೀಗಾದ್ರೆ ಪೈಪ್ ತೆಗೀಬೇಕಾಗಬಹುದು ಸರ್," ಎಂದಳು ಆಸ್ಪತ್ರೆಯ ನರ್ಸ್. "ಆಮೇಲೆ ವಾರಕ್ಕೆ ಮೂರು ದಿನ ಇಲ್ಲೇ ಬಂದು ಮೆಷಿನ್‌ಗೆ ಮಲಗಬೇಕು."

ಅಂದರೆ ಅಂಗಡಿಗೆ ಬೀಗ. ಭಾವನ ಮುಖ ಸಪ್ಪಗಾಯಿತು. ನರ್ಸ್ ಹತ್ತಿಕಡ್ಡಿ ಹಿಡಿದು ಗಂಡ ಹೆಂಡತಿ ಇಬ್ಬರ ಮೂಗಿನಿಂದಲೂ ಪರೀಕ್ಷೆಗೆ ಸ್ಯಾಂಪಲ್ ತೆಗೆದುಕೊಂಡಳು. ಹೊಟ್ಟೆಗೂ ಮೂಗಿಗೂ ಎತ್ತಣ ಸಂಬಂಧವೆಂದು ಅವರಿಬ್ಬರೂ ಮನೆಯವರೆಗೂ ತಲೆಕೆರೆದುಕೊಂಡೇ ಬಂದರು.

ರಿಪೋರ್ಟ್ ತರಲು ಭಾವ ಒಬ್ಬರೇ ಹೋದರು.

"ನಿಮ್ಮ ಮೂಗಲ್ಲಿ ಏನೂ ಇಲ್ಲ ಸರ್," ಎಂದಳು ನರ್ಸ್. "ನಿಮ್ಮ ಮನೆಯವರ ಮೂಗಲ್ಲಿ ರೋಗಾಣು ಇದೆ. ಎಷ್ಟೋ ಜನ ಆರೋಗ್ಯವಂತರಲ್ಲೂ ಇರತ್ತೆ, ಅವರ ತಪ್ಪೇನಿಲ್ಲ. ಮೂಗಿಂದ ಕೈಗೆ, ಕೈಯಿಂದ ಪೈಪ್ ಹತ್ರ ಬರಬಹುದು. ಈ ಮುಲಾಮು ಐದು ದಿನ, ದಿನಕ್ಕೆರಡು ಸಲ, ಅವರ ಎರಡೂ ಹೊಳ್ಳೆಗೆ."

ಭಾವ ಬಸ್ಸಿನಲ್ಲಿ ಕೂತು ಆ ಟ್ಯೂಬನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ. ಕಾಯಿಲೆ ನನಗೆ, ಮುಲಾಮು ಇವಳಿಗೆ? ನಲ್ಲಿಯನ್ನೇ ತೊಳೆಯುವವಳಿಗೆ, ರೋಗಾಣು ನಿನ್ನ ಮೂಗಲ್ಲೇ ಇದೆ ಅಂತ ಯಾವ ಬಾಯಲ್ಲಿ ಹೇಳುವುದು? ಇಳಿಯಬೇಕಾದ ಸ್ಟಾಪ್ ದಾಟಿ ಎರಡು ಸ್ಟಾಪ್ ಆಗಿತ್ತು. ನಡೆದು ಮನೆಗೆ ಬಂದವರೇ, "ಮುಲಾಮು ನನ್ನ ಮೂಗಿಗಂತೆ ಕಣೇ," ಅಂದುಬಿಟ್ಟರು.

ಐದು ದಿನ ಅಕ್ಕ ಗಡಿಯಾರ ನೋಡಿ ನೋಡಿ ನೆನಪಿಸಿದಳು, ಭಾವ ಏನೂ ಇಲ್ಲದ ಮೂಗಿಗೆ ಮುಲಾಮು ಮೆತ್ತಿಕೊಂಡರು. ಇಂಥ ಪೆದ್ದುತನವನ್ನು ಪ್ರೀತಿ ಎಂದುಕೊಳ್ಳುವ ಗಂಡಸರನ್ನು ಏನು ಮಾಡಬೇಕೋ ನನಗಂತೂ ತಿಳಿಯದು.

ಮೂರು ವಾರಕ್ಕೆ ಕೊಳವೆಯ ಜಾಗ ಮತ್ತೆ ಕೆಂಪಾಯಿತು. ಆಸ್ಪತ್ರೆಗೆ ಈ ಸಲ ನಾನೂ ಹೋಗಿದ್ದೆ.

"ಐದು ದಿನ ತಪ್ಪದೆ ಹಾಕ್ಕೊಂಡ್ರಾ ಅಮ್ಮಾ?" ಎಂದು ನರ್ಸ್ ಅಕ್ಕನನ್ನು ಕೇಳಿದಳು.

"ಹಾಕ್ಕೊಂಡ್ರು."

"ಅವರಲ್ಲಮ್ಮ, ನೀವು."

"ನಾನ್ಯಾಕೆ? ಕಾಯಿಲೆ ಅವರದ್ದಲ್ವಾ?"

ನರ್ಸ್ ಭಾವನನ್ನು ನೋಡಿದಳು. ಭಾವ ಗೋಡೆಯ ಗಡಿಯಾರ ನೋಡಿ, "ಇದು ನಾಲ್ಕು ನಿಮಿಷ ಹಿಂದಿದೆ," ಎಂದರು. ನಾನು ಮೂವರನ್ನೂ ನೋಡಿದೆ, ತಲೆಬುಡ ತಿಳಿಯಲಿಲ್ಲ. ನರ್ಸ್ ಮೊದಲಿನಿಂದ ಬಿಡಿಸಿ ಹೇಳಿದಾಗ ಅಕ್ಕನ ಕೈ ತಾನಾಗಿಯೇ ಮೂಗಿನತ್ತ ಹೋಗಿ ಅರ್ಧದಲ್ಲೇ ನಿಂತಿತು. ಕೀವು ಇನ್ನೂ ಆಗಿರಲಿಲ್ಲ. ಡಾಕ್ಟರು ಭಾವನಿಗೆ ಮಾತ್ರೆ ಬರೆದರು, ಅಕ್ಕನಿಗೆ ಹೊಸ ಟ್ಯೂಬು.

ಸಾಯಂಕಾಲ ಚೀಲ ಬದಲಿಸುವ ಹೊತ್ತಿಗೆ ಭಾವ ಅಂಗಿ ಎತ್ತಿಕೊಂಡು ಮಂಚದ ಮೇಲೆ ಕೂತರು. ಅಕ್ಕ ಬಾಗಿಲಲ್ಲೇ ನಿಂತಳು, ಎರಡೂ ಕೈ ಬೆನ್ನ ಹಿಂದೆ.

"ಯಾಕ್ರೀ ಹೇಳ್ಲಿಲ್ಲ?"

"ನಿನಗೆ ಬೇಜಾರಾಗತ್ತೆ ಅಂತ."

"ಸುಳ್ಳು."

ಭಾವ ಅಂಗಿಯ ಅಂಚನ್ನು ಹಿಂಡಿದರು. "ಹೇಳಿದ್ರೆ ನೀನು ನನ್ನ ಮುಟ್ಟೋಕೇ ಹೆದರ್ತೀಯ ಅಂತ. ನೋಡು, ಈಗ ಬಾಗಿಲಲ್ಲೇ ನಿಂತಿದ್ದೀಯ."

ಅಕ್ಕ ನನ್ನತ್ತ ತಿರುಗಿ, "ನೀನೇ ಬದಲಿಸೇ," ಎಂದಳು. ನನಗೆಲ್ಲಿ ಬರುತ್ತದೆ ಆ ಕೆಲಸ?

ಭಾವ ಎದ್ದರು. ಕೈ ತೊಳೆದು ಬಂದು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಹತ್ತಿಕಡ್ಡಿಯ ತುದಿಗೆ ಮುಲಾಮು ಹಿಂಡಿಕೊಂಡರು.

"ಕನ್ನಡಕ ತೆಗಿ. ಅಲ್ಲಾಡಬೇಡ."

ಅಕ್ಕ ಮುಖ ಮೇಲೆತ್ತಿದಳು. ಅವಳ ಭುಜ ಅಲುಗುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಎರಡನೆಯ ಹೊಳ್ಳೆ ಮುಗಿಯುವವರೆಗೂ ಭಾವ ಉಸಿರು ಬಿಡಲು ಮುಖ ತಿರುಗಿಸಲಿಲ್ಲ.

ಆಮೇಲೆ ಅಕ್ಕ ಮಾಸ್ಕನ್ನು ಮೂಗಿನ ಮೇಲಕ್ಕೆ ಬಿಗಿದಳು, ನಲ್ಲಿ ತೊಳೆದಳು, ಕೈ ತೊಳೆದಳು. ಕನ್ನಡಕದ ತುಂಬ ಆವಿ. ಒರೆಸಿಕೊಳ್ಳದೆ, ಅದು ತಿಳಿಯಾಗುವವರೆಗೆ ಕಾದಿದ್ದು, ಒಳಗೆ ಬಂದು ಕೊಳವೆ ಹಿಡಿದಳು.