ಕ್ಯಾಬಿನೆಟ್ಟಿನ ಮೇಲಿನ ಕುಂಕುಮ

ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದು ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ. ನಾನು ಯಲಹಂಕದ ಕಾಲೇಜಿನಲ್ಲಿ ಬಿಸಿಎಗೆ ಸೇರಿದ ವಾರ, ಚಿಕ್ಕಜಾಲದ ನಮ್ಮ ಮನೆಯ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ ಹೇಳಿದ್ದರು: "ಮೂರ್ ವರ್ಸ ಓಗ್ತಾನೆ, ಬತ್ತಾನೆ, ಬಸ್ ಪಾಸ್ ಸವೀತದೆ ಅಷ್ಟೇಯ. ಪಾಸಾದ್ರೂ ಕಾಪಿ ಒಡ್ದೇ ಆಗ್ಬೇಕು."

ಅಪ್ಪ ಜಾಲಹಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದವರು, ಅಣ್ಣನಿಗೆ ಎದುರು ಮಾತಾಡಿದವರಲ್ಲ. ಅಮ್ಮ ಮಾತ್ರ ಒಳಗಿನಿಂದಲೇ, "ಆಯ್ತು ಬುಡಿ ಭಾವ, ನೋಡಾನ" ಅಂದಳು.

ಆ 'ಕಾಪಿ' ಅನ್ನುವ ಮಾತು ನನ್ನನ್ನು ಬಹಳ ದಿನ ಚುಚ್ಚಿತು. ನನ್ನದೆಲ್ಲವೂ ಒರಿಜಿನಲ್ ಆಗಿರಬೇಕು ಅನ್ನುವ ಒಂದು ಹಟ ಹುಟ್ಟಿತು. ನೋಟ್ಸ್ ಕೂಡ ಯಾರದ್ದನ್ನೂ ಜೆರಾಕ್ಸ್ ಮಾಡಿಸುತ್ತಿರಲಿಲ್ಲ, ನಾನೇ ಕೂತು ಬರೆದುಕೊಳ್ಳುತ್ತಿದ್ದೆ. ಭಾನುವಾರಗಳಂದು ಆರ್‌ಟಿ ನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅಸೆಂಬಲ್ ಮಾಡುವ ಕೆಲಸ ಸಿಕ್ಕಿತು. ಅಂಗಡಿಯ ಯಜಮಾನರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು. ಅಲ್ಲಿ ಯಾರ ಕಂಪ್ಯೂಟರ್ ಜೋಡಿಸಿದರೂ ಹಾಕುತ್ತಿದ್ದದ್ದು ಒಂದೇ ನಕಲಿ ಸಿಡಿ. ಇನ್‌ಸ್ಟಾಲ್ ಆಗುವಾಗ ಅದು ಕೇಳುವ ಇಪ್ಪತ್ತೈದು ಅಕ್ಷರದ ಕೀಯನ್ನು ಅಂಗಡಿಯ ಗೋಡೆಯ ಮೇಲೇ ಮಾರ್ಕರಿನಲ್ಲಿ ಬರೆದಿಟ್ಟಿದ್ದರು. ಅರ್ಧ ಆರ್‌ಟಿ ನಗರ ಆ ಗೋಡೆಯ ಮೇಲೆ ನಡೆಯುತ್ತಿತ್ತು.

ಎರಡನೇ ವರ್ಷದಲ್ಲಿ ನನ್ನ ಸ್ವಂತ ಕಂಪ್ಯೂಟರಿನ ಭಾಗಗಳನ್ನು ಅಲ್ಲಿಂದಲೇ ಒಂದೊಂದಾಗಿ ತಂದು, ಮನೆಯಲ್ಲಿ ಚಾಪೆ ಹಾಸಿ ಜೋಡಿಸಿದೆ. ಸಾಫ್ಟ್‌ವೇರ್ ಮಾತ್ರ ನನಗೆ ಅಸಲಿಯೇ ಬೇಕು ಅಂದೆ. ಭಾಯ್ ನಕ್ಕರು. "ಗೋಡೆ ಇದೆಯಲ್ಲ ಗುರು, ಯಾಕ್ ಒದ್ದಾಡ್ತೀಯ?" ಅಂದರು. ಆದರೂ ತರಿಸಿಕೊಟ್ಟರು. ಕೊಡುವಾಗ ಪ್ಯಾಕೆಟ್ಟನ್ನು ಬೆರಳಿನಿಂದ ತಟ್ಟುತ್ತಾ ಏನೋ ಹೇಳಿದರು. ನಾನು ಹೊಳೆಯುವ ಸ್ಟಿಕ್ಕರನ್ನೇ ನೋಡುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದು ಆ ಸ್ಟಿಕ್ಕರನ್ನು ಕಂಪ್ಯೂಟರ್ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಎಲ್ಲರಿಗೂ ಕಾಣುವಂತೆ ಅಂಟಿಸಿದೆ. ಕೀ ಇದ್ದದ್ದು ಅದರ ಮೇಲೆಯೇ. ಬೇರೆಲ್ಲಿಯೂ ಬರೆದಿಡಲಿಲ್ಲ.

ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. "ಇದೇನ್ಲಾ ಪಳಪಳ ಅಂತದೆ?"

"ಲೈಸೆನ್ಸಮ್ಮ. ನಮ್ಮ ಕಂಪ್ಯೂಟರ್ ಕಳ್ಳಮಾಲಲ್ಲ ಅನ್ನೋದಕ್ಕೆ ಗುರುತು. ಇಡೀ ಡಬ್ಬದಲ್ಲಿ ಇದೇ ಮುಖ್ಯ."

"ಅಂಗಾರೆ ಇದೇ ಇದರ ಅಣೆ ಅನ್ನು."

ಆಮೇಲೆ ಪ್ರತಿ ಶುಕ್ರವಾರ ಅವಳು ಒದ್ದೆ ಬಟ್ಟೆಯಿಂದ ಆ ಹಣೆ ಒರೆಸಿ, ಅರಿಶಿನ ಕುಂಕುಮ ಇಟ್ಟು, ಕಟ್ಟಿದ ಹೂವಿನಲ್ಲಿ ಒಂದು ತುಂಡನ್ನು ಕ್ಯಾಬಿನೆಟ್ಟಿನ ಮೇಲೆ ಇಡುತ್ತಿದ್ದಳು. ಆಯುಧಪೂಜೆಗೆ ವಿಭೂತಿ ಪಟ್ಟೆಯೂ ಬಿತ್ತು. ನಾನು ಇದನ್ನೆಲ್ಲ ನೋಡುತ್ತಲೇ ಇದ್ದೆ, ಒಳಗೊಳಗೆ ಹಿಗ್ಗುತ್ತಲೂ ಇದ್ದೆ. ಪಕ್ಕದ ಮನೆಯವರು ಬಂದಾಗ ಅಮ್ಮ, "ನಮ್ ಉಡುಗಂದು ಒರಿಜಿನಲ್ಲು ಕಣಕ್ಕ" ಅನ್ನುವುದು ಕೇಳಲು ನನಗೆ ಬಹಳ ಇಷ್ಟವಾಗುತ್ತಿತ್ತು.

2012ರ ಬೇಸಿಗೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ತೋರಿಸಲು ಹತ್ತು ದಿನ ಇತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಮದರ್‌ಬೋರ್ಡು ಸತ್ತಿತ್ತು. ಹಾರ್ಡ್ ಡಿಸ್ಕು ಉಳಿದಿದ್ದರಿಂದ ಪ್ರಾಜೆಕ್ಟ್ ಉಳಿದಿತ್ತು. ಭಾಯ್ ಅಂಗಡಿಗೆ ಹೋಗಿ, ಗಿರಾಕಿಗಳ ಗದ್ದಲದಲ್ಲಿ ಹೊಸ ಬೋರ್ಡೊಂದನ್ನು ಇಸಿದುಕೊಂಡು ಬಂದು ಕೂರಿಸಿ, ಅಸಲಿ ಸಿಡಿ ಹಾಕಿದೆ. ಪರದೆ ಕೀ ಕೇಳಿತು.

ಕ್ಯಾಬಿನೆಟ್ಟಿನ ಮುಂದೆ ಮಂಡಿಯೂರಿ ಕೂತು ನೋಡಿದೆ. ಮೊದಲ ಏಳೆಂಟು ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಉಳಿದ ಕಡೆ ಕಿತ್ತಳೆ ಬಣ್ಣದ ಕಲೆ, ಅದರ ಕೆಳಗೆ ಸವೆದು ಬೆಳ್ಳಗಾದ ಕಾಗದ.

ಆಗ ನಾನು ಆಡಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ಮೆತ್ತಗೆ ಮಾಡಿ ಬರೆದರೆ ಇನ್ನೊಂದು ತಪ್ಪಾಗುತ್ತದೆ. "ಹೆಬ್ಬೆಟ್ಟು ಒತ್ತೋರ ಕೈಗೆ ಇಂಥದ್ದು ಸಿಕ್ಕಿದ್ರೆ ಇನ್ನೇನಾಗುತ್ತೆ! ಓದಕ್ಕೆ ಬರದೇ ಇರೋರು ಓದೋ ಸಾಮಾನು ಮುಟ್ಬಾರ್ದು! ಮೂರು ವರ್ಷ ಓದಿದ್ದು ನಿನ್ ಕುಂಕುಮದಲ್ಲಿ ಹೋಯ್ತು!"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದಲೇ ಮೆಲ್ಲಗೆ ಕೇಳಿದಳು. "ಸೀಗೇಪುಡಿ ಆಕಿ ಉಜ್ಲಾ? ಕಲೆ ಓದ್ರೂ ಓದಾತು."

"ಮುಟ್ಬೇಡ ಅಂದ್ನಲ್ಲ!"

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಒರೆಸುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ.

ಮಾರನೆಯ ದಿನ ಸಿಡಿ, ಪ್ಯಾಕೆಟ್ಟು ಎಲ್ಲ ಚೀಲಕ್ಕೆ ಹಾಕಿಕೊಂಡು ಮತ್ತೆ ಅಂಗಡಿಗೆ ಹೋದೆ. ಭಾಯ್ ಚಹಾ ಕುಡಿಯುತ್ತಿದ್ದರು. ನಡೆದದ್ದನ್ನೆಲ್ಲ, ಅಮ್ಮನನ್ನೇ ದೂರುತ್ತಾ ಹೇಳಿದೆ.

"ಅಮ್ಮಂದೇನ್ ತಪ್ಪು ಅದರಲ್ಲಿ?" ಅಂದರು ಭಾಯ್. "ಕೀ ಪೂರ್ತಿ ಇದ್ದಿದ್ರೂ ಆಗ್ತಿರ್ಲಿಲ್ಲ ಗುರು. ಇದು ಒಂದು ಬೋರ್ಡಿಗೆ ಕಟ್ಟಿರೋ ಲೈಸೆನ್ಸು. ಹಳೇ ಬೋರ್ಡ್ ಹೋಯ್ತು, ಅದರ ಜೊತೆ ಇದೂ ಹೋಯ್ತು. ಕೊಡೋವಾಗ್ಲೇ ಹೇಳಿದ್ನಲ್ಲ? ಪ್ಯಾಕೆಟ್ ಮೇಲೂ ಬರ್ದೈತೆ. ಓದೋನು ನೀನು, ನಾನಾ?"

ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಪ್ಯಾಕೆಟ್ಟನ್ನು ತೆಗೆದು ಓದಿದೆ. ಹಿಂಬದಿಯಲ್ಲಿ, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಎರಡೇ ಸಾಲು. ಈ ಲೈಸೆನ್ಸ್ ಮೊದಲು ಹಾಕಿದ ಯಂತ್ರಕ್ಕೆ ಮಾತ್ರ, ಇನ್ನೊಂದಕ್ಕೆ ಬದಲಾಯಿಸಲಾಗದು ಎಂದಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಒಂದೂವರೆ ವರ್ಷ ಆ ಪ್ಯಾಕೆಟ್ಟು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಚಿಕ್ಕಜಾಲದ ಕಡೆಯ ಒಂದು ಬಸ್ಸು ಬಂತು, ಹೋಯಿತು. ಹತ್ತಲಾಗಲಿಲ್ಲ.

ಚೀಲದಲ್ಲಿ ಭಾಯ್ ಕೊಟ್ಟ ನಕಲಿ ಸಿಡಿಯೂ ಇತ್ತು. ಗೋಡೆಯ ಕೀಯನ್ನು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದೆ. ಆವತ್ತೇ ಹಾಕಿದೆ, ಎಲ್ಲ ನಡೆಯಿತು. "ಸರಿಯಾಯ್ತಾ ಮಗ?" ಅಂತ ಅಮ್ಮ ದೂರದಿಂದಲೇ ಕೇಳಿದಳು. "ಹೂಂ, ಹೇಗೋ ಮಾಡ್ದೆ" ಅಂದೆ. ಆ 'ಹೇಗೋ' ಅನ್ನುವುದರಲ್ಲಿ ತಪ್ಪು ಅವಳದೇ, ನಾನು ರಿಪೇರಿ ಮಾಡಿದೆ ಅನ್ನುವ ಅರ್ಥ ಉಳಿಯಲಿ ಅಂತಲೇ ಹಾಗಂದೆ.

ಪ್ರಾಜೆಕ್ಟ್ ದಿನ ಕ್ಯಾಬಿನೆಟ್ಟನ್ನು ಆಟೋದಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಕಾಲೇಜಿನ ಇಂಟರ್ನೆಟ್ಟಿಗೆ ಸಿಕ್ಕಿಸಿದ್ದೇ ತಡ, ನಾನು ವಿವರಿಸುತ್ತಿರುವಾಗಲೇ ಪರದೆಯ ಹಿನ್ನೆಲೆ ಕಪ್ಪಾಗಿ, ಮೂಲೆಯಲ್ಲಿ 'ಇದು ಅಸಲಿ ಪ್ರತಿಯಲ್ಲ' ಅನ್ನುವ ಸಾಲು ಮೂಡಿತು. ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ನೋಡಿ, ಕೆಳಗಿದ್ದ ಬಣ್ಣಗೆಟ್ಟ ಸ್ಟಿಕ್ಕರನ್ನೂ ನೋಡಿ, "ಮುಂದುವರಿಸಪ್ಪ, ಎಲ್ಲರದ್ದೂ ಹಿಂಗೇ" ಅಂದರು. ಒಳ್ಳೆಯ ಅಂಕವನ್ನೇ ಕೊಟ್ಟರು. ನನಗೆ ಮಾತ್ರ ಕಿವಿಯವರೆಗೆ ಬಿಸಿಯಾಗಿತ್ತು.

ಶುಕ್ರವಾರದ ಕುಂಕುಮ ನಿಂತೇ ಹೋಯಿತು. ಆ ವರ್ಷದ ಆಯುಧಪೂಜೆಯಂದು ಅಮ್ಮ ಅಪ್ಪನ ಸೈಕಲ್ಲಿಗೆ, ಈಳಿಗೆಮಣೆಗೆ, ಮಿಕ್ಸಿಗೆ, ಬಾಗಿಲ ಚಿಲಕಕ್ಕೂ ಕುಂಕುಮ ಇಟ್ಟುಕೊಂಡು ಬಂದವಳು ನನ್ನ ಮೇಜಿನ ಹತ್ತಿರ ಬಂದು ಹಾಗೇ ತಿರುಗಿದಳು.

"ಅದ್ಕ್ ಯಾಕಿಕ್ಲಿಲ್ಲ?" ಅಂದರು ಅಪ್ಪ.

"ಬ್ಯಾಡ. ನಾನ್ ಮುಟ್ಟಿದ್ರೆ ಅದಕ್ಕಾಗಾಕಿಲ್ಲ."

ನಾನು ಎರಡು ಮಾರು ದೂರದಲ್ಲಿ ಕೂತು ಬೂದುಗುಂಬಳಕಾಯಿಗೆ ತೂತು ಕೊರೆಯುತ್ತಿದ್ದೆ. ಆಗಲಾದರೂ ಹೇಳಬಹುದಾಗಿತ್ತು. ಓದಿಕೊಂಡ ಮಗ ಅನ್ನುವ ಮರ್ಯಾದೆ ಆ ಮನೆಯಲ್ಲಿ ನನಗೆ ಸಿಕ್ಕಿ ಸ್ವಲ್ಪ ದಿನವಾಗಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ತೂತು ಕೊರೆಯುವುದನ್ನು ಮುಂದುವರಿಸಿದೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದದ್ದು ಮುಂದಿನ ವರ್ಷ. ಮನೆಗೆ ತಂದಾಗ ಅಪ್ಪ ಡ್ಯೂಟಿಯಲ್ಲಿದ್ದರು, ಅಮ್ಮ ಒಬ್ಬಳೇ ಕೂತು ಕನಕಾಂಬರ ಕಟ್ಟುತ್ತಿದ್ದಳು. "ತಗೋಮ್ಮ" ಅಂತ ಚಾಚಿದೆ. ಅವಳು ಎದ್ದು ನಿಂತು, ಮುಖವೆಲ್ಲ ಅರಳಿಸಿ ನೋಡಿದಳೇ ಹೊರತು ಕೈ ಮುಂದೆ ತರಲಿಲ್ಲ.

"ನೀನೇ ಇಡ್ಕೊಂಡು ತೋರ್ಸು. ನಾನ್ ಮುಟ್ಟಾಕಿಲ್ಲ. ಅಕ್ಸರ ಕೆಟ್ರೆ?"

ನಿಂತಲ್ಲೇ ಎಲ್ಲ ಹೇಳಿದೆ. ಕುಂಕುಮದಿಂದ ಏನೂ ಕೆಟ್ಟಿರಲಿಲ್ಲ, ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ನಾನೇ ಓದಿರಲಿಲ್ಲ, ಮಾರನೆಯ ದಿನವೇ ನನಗೆ ಗೊತ್ತಾಗಿತ್ತು ಎಂದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಕಾಲ ಬಳಿ ಹರಡಿದ್ದ ಹೂವನ್ನೇ ನೋಡುತ್ತಿದ್ದೆ.

ಅವಳು ಸೆರಗಿನಲ್ಲಿ ಎರಡೂ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ಅಂಚು ಹಿಡಿದು ಇಸಿದುಕೊಂಡಳು. "ಇದರಾಗೆ ನಿನ್ ಎಸ್ರು ಎಲ್ಲೈತೆ?" ಅಂದಳು. ತೋರಿಸಿದೆ. ಆ ಸಾಲಿನ ಮೇಲೆ ಬಹಳ ಹೊತ್ತು ಕಣ್ಣಿಟ್ಟಿದ್ದಳು. ಆಮೇಲೆ ತಲೆಯೆತ್ತದೆಯೇ ಅಂದಳು:

"ಅವತ್ತೇ ಏಳ್ಬೋದಾಗಿತ್ತು ಕಣೋ."