ಮೂರನೇ ರೈಡು ಮಗಳ ಪಾಲಿಗೆ ಬಂದದ್ದು

ಚಟ್ನಿಪುಡಿ ಮುಗಿದಿತ್ತು. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಬಿಡಿಸುತ್ತಾ ಕೂತಿದ್ದೆ. ಕಬಡ್ಡಿ ಪ್ರಾಕ್ಟೀಸ್ ಮುಗಿಸಿ ಬಂದ ಮಗಳು ಶೂ ಬಿಚ್ಚುವ ಮೊದಲೇ ಸುದ್ದಿ ಹೇಳಿದಳು.

“ಅವ್ವಾ, ಮುಂದಿನ ಸೀಸನ್‌ಗೆ ಮೇಷ್ಟ್ರು ರೈಡ್ ಹಂಚಿದ್ರು. ನಂದು ಮೊದ್ಲಿನಷ್ಟಿಲ್ಲ. ಮೊಳಕಾಲ್ಮುರು ಟೀಮಿಂದ ನಮ್ಮ ಕಡೆ ಬಂದಾಳಲ್ಲ, ಬಿ.ಜಿ. ಕೆರೆ ಹುಡುಗಿ, ಇನ್ನ ಮೇಲೆ ಅವಳೇ ಜಾಸ್ತಿ ಹೋಗ್ತಾಳೆ.”

ನನಗೆ ಒಳಗೊಳಗೇ ಹಿಗ್ಗಾಯಿತು. ಚಳ್ಳಕೆರೆಯ ಹೆಣ್ಣುಮಕ್ಕಳ ಟೀಮಿನಲ್ಲಿ ಗೆರೆ ದಾಟಿ ಎದುರಾಳಿಗಳ ನಡುವೆ ಹೋಗುವವಳು ಇಷ್ಟು ದಿನ ನನ್ನ ಮಗಳೇ. ಹೋದ ವರ್ಷ ಮೊಳಕಾಲ್ಮುರಿನ ಮ್ಯಾಚಿನಲ್ಲಿ ಇದೇ ಬಿ.ಜಿ. ಕೆರೆ ಹುಡುಗಿ ಇವಳ ಕಾಲು ಹಿಡಿದು ಎಳೆದಾಗ ಮೊಣಕಾಲು ತಿರುಚಿತ್ತು. ಆಪರೇಷನ್ ಬೇಡ, ಜೋಪಾನವಾಗಿ ಆಡಬಹುದು ಎಂದರು ಡಾಕ್ಟರು. ಅದು ನಾಯಕನಹಟ್ಟಿ ಸ್ವಾಮಿಯ ದಯೆ. ಆಟವನ್ನೇ ಬಿಡಿಸು ಎಂದು ಬೇಡಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ, ಅವಳು ಊಟ ಬಿಟ್ಟುಬಿಡುತ್ತಾಳೆ. ಅದಕ್ಕೇ, ಇವಳನ್ನು ರೈಡಿಗೆ ಕಡಿಮೆ ಕಳಿಸುವ ಹಾಗೆ ಮಾಡಪ್ಪಾ, ನಿನ್ನ ಜಾತ್ರೆಗೆ ಬಂದು ಎಲ್ಲರ ಹಾಗೆ ಕೊಬ್ಬರಿ ಸುಡುತ್ತೇನೆ ಎಂದು ಹರಕೆ ಹೊತ್ತಿದ್ದೆ.

“ಎಷ್ಟು ಕಡಿಮೆ?” ಎಂದೆ.

ಮಗಳು ಎದುರಿಗೆ ಕೂತು ಮೊರದಲ್ಲಿ ಬೆರಳಿನಿಂದ ಗೆರೆ ಎಳೆದಳು. ಅದರಾಚೆ ಒಂದಿಷ್ಟು ಕಾಯಿ ಸಾಲಾಗಿಟ್ಟು, ಒಂದೇ ಕಾಯಿಯನ್ನು ಗೆರೆ ದಾಟಿಸಿದಳು. “ನಮ್ಮೋರು ಎರಡು ಸಲ ಪಾಯಿಂಟ್ ಇಲ್ದೆ ಖಾಲಿ ವಾಪಸ್ ಬಂದ್ರು ಅನ್ಕೋ. ಆಗ ಮೂರನೇ ರೈಡ್ ನಂದು. ಅದೊಂದೇ.”

“ಮೂರನೇದ್ರಲ್ಲಿ ಏನೈತೆ?”

“ಯಾರನ್ನಾದ್ರೂ ಮುಟ್ಲೇಬೇಕು. ಮುಟ್ದೆ ಬಂದ್ರೆ ನಾನೇ ಔಟು.”

ಮೊದಲಿನ ಎರಡು ರೈಡಿನಲ್ಲಿ ಹೆದರಿಕೆಯಾದರೆ ಹಾಗೇ ವಾಪಸು ಬರಬಹುದು. ಮೂರನೆಯದಕ್ಕೆ ಹೋದವಳು ಒಳಗೆ ನುಗ್ಗಲೇಬೇಕೆಂದು ಆ ಕಡೆಯವರಿಗೂ ಗೊತ್ತಿರುತ್ತದೆ, ಕಾದು ಹಿಡಿಯುತ್ತಾರೆ. ಕೈಯಲ್ಲಿದ್ದ ಕಾಯಿ ಬಿಡಿಸದೆ ಕೂತೆ. ಕಡಿಮೆ ಎಂದು ಕೇಳಿದ್ದೆ, ಕಡಿಮೆಯೇ ಸಿಕ್ಕಿತ್ತು. ಯಾವುದು ಕಡಿಮೆಯಾಗಬೇಕೆಂದು ಬಿಡಿಸಿ ಹೇಳಿರಲಿಲ್ಲ.

ಹರಕೆಯ ವಿಷಯ ಹೇಳಿದಾಗ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮತ್ತೆ ಹೋಗಿ ತಿದ್ದಿಸಬ್ಯಾಡ ಕಣವ್ವ. ಈ ಸಲ ನನ್ನ ಬೆಂಚ್ ಮೇಲೇ ಕೂರ್ಸಿಬಿಟ್ಟಾನು.” ಆಮೇಲೆ ನಗು ನಿಲ್ಲಿಸಿ, “ಮನೇಲಿ ಒಪ್ಪಿದ್ರೆ ಮಾತ್ರ ಅಂದಾರೆ ಮೇಷ್ಟ್ರು. ಸೋಮವಾರ ಹೇಳ್ಬೇಕು” ಎಂದಳು.

“ಒಪ್ಪದಿದ್ರೆ?”

“ಹೊರಗೆ ಕುಂತು ಆಡೋರಿಗೆ ನೀರು ಕೊಡ್ತೀನಿ.”

ಎಣ್ಣೆ ಮಿಲ್ಲಿನಿಂದ ಬಂದ ನಮ್ಮ ಮನೆಯವರನ್ನು ಕೇಳಿದರೆ, “ನನ್ನೇನು ಕೇಳ್ತೀಯಾ? ಯಾರ ಹತ್ರ ಬೇಡ್ಕೊಂಡಿದ್ದೀಯೋ ಆ ಸ್ವಾಮೀನೇ ಕೇಳು” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಆದರೆ ದಿನಾ ದೇವರಮನೆಯಲ್ಲಿ ಸ್ವಾಮಿಯ ಫೋಟೋ ಮುಂದೆ ನಿಂತರೆ ಏನು ಕೇಳಬೇಕೆಂದೇ ನನಗೆ ತೋಚುತ್ತಿರಲಿಲ್ಲ. ಒಳ್ಳೆಯದು ಮಾಡು ಎನ್ನಲೂ ಅಳುಕು. ಯಾವ ಒಳ್ಳೆಯದು? ವಿಭೂತಿ ಹಚ್ಚಿಕೊಂಡು ಸುಮ್ಮನೆ ಕೈಮುಗಿದು ಬರುತ್ತಿದ್ದೆ.

ಭಾನುವಾರ ಸಂಜೆ ಮಗಳ ಜೊತೆ ಮೈದಾನಕ್ಕೆ ನಾನೂ ಹೋದೆ. ಮೇಷ್ಟ್ರು ಕುರ್ಚಿ ಹಾಕಿಸಿದರು.

“ಓಡಾಟ ಕಡಿಮೆ ಇರ್ಲಿ ಅಂತ ಡಾಕ್ಟ್ರು ಹೇಳಿದ್ರಲ್ಲಮ್ಮ, ಅದಕ್ಕೇ ಹಿಂಗೆ ಹಂಚಿದ್ದು.”

“ಕಡಿಮೆ ಏನೋ ಆಯ್ತು ಸರ್. ಉಳಿಸಿರೋದೆಲ್ಲ ಕಷ್ಟದ್ದೇ ಅಲ್ವೇನ್ರಿ?”

“ಅದು ನಿಜ. ಆ ಹೊಸ ಹುಡುಗಿ ಓಡೋದ್ರಲ್ಲಿ ಜೋರು, ಮೂರನೇದು ಅಂದ್ರೆ ಗಡಿಬಿಡಿ ಮಾಡ್ತಾಳೆ. ನಿಮ್ಮ ಮಗಳು ಕಾಯ್ತಾಳೆ.”

“ಮಣಕಾಲೂ ಕಾಯ್ತೈತಾ ಸರ್?”

“ಅದನ್ನ ಮಾತ್ರ ನಾನು ಹೇಳಕ್ಕಾಗಲ್ಲಮ್ಮ,” ಎಂದರು.

ಆಟ ಶುರುವಾಗುವ ಮೊದಲು ಬಿ.ಜಿ. ಕೆರೆ ಹುಡುಗಿ ತಾನಾಗಿ ನನ್ನ ಹತ್ತಿರ ಬಂದಳು. ಕುರಿ ಕಾಯುವವರ ಮನೆಯ ಮಗಳಂತೆ. ತೆಳ್ಳಗೆ ಎತ್ತರಕ್ಕಿದ್ದಳು. “ಹೋದ್ಸಲ ಕಾಲು ಹಿಡಿದಿದ್ದು ನಾನೇ ಅಮ್ಮ. ಬೇಕಂತ ಮಾಡಿದ್ದಲ್ಲ. ಅಕ್ಕ ಬಾಗಾ ಆಡ್ತಾಳೆ,” ಎಂದಳು. ಗಡಿಯ ಕಡೆಯವರ ತೆಲುಗು ಬೆರೆತ ಮಾತು, ಚೆನ್ನಾಗಿ ಆಡುತ್ತಾಳೆ ಎಂದು ಅರ್ಥ.

“ಗೊತ್ತು ಬಿಡವ್ವ,” ಎಂದೆ. ಇವಳ ಮೇಲೆ ವರ್ಷದಿಂದ ಸಿಟ್ಟು ಇಟ್ಟುಕೊಂಡಿದ್ದೆ, ಎದುರಿಗೆ ನಿಂತಾಗ ಅದನ್ನು ತೋರಿಸಲು ಆಗಲಿಲ್ಲ.

ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡಿದರು. ಮಗಳೂ ಆ ಹುಡುಗಿಯೂ ಒಂದೇ ಕಡೆ. ಇವರ ಕಡೆಯ ಎರಡು ರೈಡು ಖಾಲಿ ಹೋಯಿತು. ಮಗಳು ಹೊರಟಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತಾ ಕಾದಳು. ಕೈ ಚಾಚಿದ್ದೇ ತಡ, ಮೂರು ಜನ ಸೊಂಟಕ್ಕೆ ಬಿದ್ದರು. ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಮೇಲಿದ್ದವರೆಲ್ಲ ಸರಿದ ಮೇಲೆ ಅವಳು ಮಣ್ಣಿನಲ್ಲೇ ಕೂತು ಮೊಣಕಾಲನ್ನು ಒಮ್ಮೆ ಮಡಚಿದಳು, ಒಮ್ಮೆ ಚಾಚಿದಳು. ಯಾರ ಕೈಯನ್ನೂ ಹಿಡಿಯದೆ ಎದ್ದಳು. ಅಷ್ಟಾದರೂ ದಯೆ ಎಂದುಕೊಂಡೆ.

ಔಟಾದವಳು ಗೆರೆಯ ಹೊರಗೆ ಹೋಗಿ ಕೂತಳು. ಮುಂದಿನ ರೈಡಿಗೆ ಬಿ.ಜಿ. ಕೆರೆ ಹುಡುಗಿ ಹೋಗಿ ಒಬ್ಬಳನ್ನು ಮುಟ್ಟಿ ಓಡಿ ಬಂದಳು. ಒಂದು ಪಾಯಿಂಟ್ ಬಂದರೆ ಔಟಾದ ಒಬ್ಬರು ಆಟಕ್ಕೆ ಮರಳಬಹುದು, ಹಾಗೆ ನನ್ನ ಮಗಳು ಮತ್ತೆ ಒಳಗೆ ಬಂದಳು.

ಮನೆಗೆ ಹೋಗುವ ದಾರಿಯಲ್ಲಿ ಮಗಳೇ ಮಾತು ತೆಗೆದಳು. “ಕಣ್ಣಾರೆ ನೋಡ್ದ್ಯಲ್ಲ. ಬ್ಯಾಡ ಅಂತೀಯಾ?”

“ಬಿದ್ದಾಗ ಕಾಲು ಯಾಕೆ ಮಡಚಿ ನೋಡ್ಕೊಂಡೆ?”

“ಹೆದ್ರಿಕೆ ಆಯ್ತು.”

“ನಿಂಗೂ ಆಗ್ತೈತಾ?”

“ಪ್ರತಿ ಸಲ ಆಗ್ತೈತವ್ವ. ನಿಂಗೆ ಹೇಳಿದ್ರೆ ಆಟ ಬಿಡಿಸ್ತೀಯ ಅಂತ ಹೇಳಿರ್ಲಿಲ್ಲ.”

ಹೆದರಿಕೆಯೆಲ್ಲ ನನ್ನ ಪಾಲಿಗೇ ಬಂದಿದೆ, ಇವಳಿಗೆ ಅದರ ಗಾಳಿಯೂ ಸೋಕಿಲ್ಲ ಎಂದೇ ನಾನು ಕಂಗಾಲಾಗಿದ್ದೆ.

“ಹೆದ್ರಿಕೆ ಇಲ್ಲ ಅಂದಿದ್ರೆ ಬ್ಯಾಡ ಅಂತಿದ್ದೆ,” ಎಂದೆ. “ಐತೆ ಅಂದ್ಯಲ್ಲ, ಹಂಗಾದ್ರೆ ನೋಡ್ಕೊಂಡು ಆಡ್ತೀಯ. ನಾಳೆ ಮೇಷ್ಟ್ರಿಗೆ ಹೂಂ ಅಂತ ಹೇಳು. ನೋವು ಬಂದ್ರೆ ಮಾತ್ರ ನನ್ನ ಹತ್ರ ಮುಚ್ಚಿಡಬ್ಯಾಡ.”

“ಇಲ್ಲವ್ವ.”

ಹೂಂ ಎಂದ ಮೇಲೂ ನನ್ನ ಎದೆ ಹಗುರವಾಗಲಿಲ್ಲ. ಸೀಸನ್ ಇನ್ನೂ ಶುರುವೇ ಆಗಿಲ್ಲ. ಮನೆಗೆ ಬಂದು ಮಗಳು ಸ್ನಾನಕ್ಕೆ ಹೋದಳು. ನಾನು ಮುದ್ದೆಗೆ ಎಸರಿಟ್ಟು, ರಾಗಿ ಹಿಟ್ಟು ಜರಡಿ ಹಿಡಿಯಲು ಕೂತೆ.